ಚಿತ್ರಪಟದ ವಿಮರ್ಶೆಯು ಕೇವಲ ರುಚಿಯೆ?

ಹೋದ ತಿಂಗಳು ನಮ್ಮ ಸಂಘದ ಕೂಟಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಸದಸ್ಯರು ಬಂದಿದ್ದರು. ಕಾವ್ಯವಾಚನವು ಮುಗಿದ ಮೇಲೆ ಮಾತು ಚಿತ್ರಪಟಗಳ ಕಡೆಗೆ ಹೊರಳಿತು. ಒಬ್ಬರು ಒಂದು ಚಿತ್ರವನ್ನು ಹೊಗಳಿದರು, ಇನ್ನೊಬ್ಬರು ಅದನ್ನೇ ತೆಗಳಿದರು. ಆಗ ಸಿಂದಗಿಯ ಕಡೆಯ ತರುಣ ಶಿಕ್ಷಕರೊಬ್ಬರು ಎದ್ದು, “ಇದಕ್ಕೆ ವಾದವೇಕೆ? ಬದನೆಯ ಎಣ್ಣೆಗಾಯಿಯು ಒಬ್ಬರಿಗೆ ಸೇರುವದು, ಒಬ್ಬರಿಗೆ ಸೇರದು. ಚಿತ್ರಪಟವೂ ಹಾಗೆಯೆ. ನನಗೆ ಸೇರಿತು, ನಿಮಗೆ ಸೇರಲಿಲ್ಲ, ಅಲ್ಲಿಗೆ ಮುಗಿಯಿತು,” ಎಂದರು. ಸಭೆಯು ನಕ್ಕಿತು. ನಾನೂ ನಕ್ಕೆನು. ಆದರೆ ಊರಿಗೆ ಮರಳುವಾಗ ಬಸ್ಸಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ.

ಬಿಡದಿರಲು ಕಾರಣವುಂಟು. ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸಿದವನು. ಈ ಪದ್ಯವು ಉತ್ತಮ, ಈ ಪ್ರಬಂಧವು ಸಪ್ಪೆ ಎಂದು ಹೇಳಿದವನು. ಮಕ್ಕಳ ಬರಹಕ್ಕೆ ಅಂಕಗಳನ್ನು ಕೊಟ್ಟವನು. ಆ ತರುಣರ ಮಾತು ಪೂರಾ ನಿಜವಾದರೆ, ನಾನು ಅಷ್ಟು ವರ್ಷ ನನ್ನ ನಾಲಗೆಯ ಚಪಲವನ್ನೇ ವಿದ್ಯೆಯೆಂಬ ಹೆಸರಿನಿಂದ ಪರರ ಮಕ್ಕಳಿಗೆ ಮಾರಿದಂತಾಯಿತು. ಆದುದರಿಂದ ಈ ಪ್ರಶ್ನೆಯು ನನಗೆ ವಿನೋದದ್ದಲ್ಲ. ಕೂಟದಲ್ಲಿ ತೋಚದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ವಾಚಕರು ಪರಾಂಬರಿಸಬೇಕು.

ಶಾಸ್ತ್ರಕಾರರ ರೀತಿಯಂತೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವದು ನ್ಯಾಯ.

ಪೂರ್ವಪಕ್ಷಿಯು ಹೇಳುವದೇನೆಂದರೆ: ಚಿತ್ರದ ಗುಣವು ಚಿತ್ರದಲ್ಲಿಯೇ ಇರುವದಾದರೆ, ಬಲ್ಲವರೆಲ್ಲರೂ ಅದನ್ನು ಒಂದೇ ಬಗೆಯಾಗಿ ಕಾಣಬೇಕಾಗಿತ್ತು. ಹಾಗೆ ಕಾಣುವದಿಲ್ಲ. ಇಂಗ್ಲೆಂಡದ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ೧೯೫೨ರಿಂದ ಹತ್ತು ವರ್ಷಗಳಿಗೊಮ್ಮೆ ಜಗತ್ತಿನ ವಿಮರ್ಶಕರ ಮತವನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಮಾಡುತ್ತದೆ. ೧೯೫೨ರಲ್ಲಿ ಇಟಲಿಯ ‘ಬೈಸಿಕಲ್ ಥೀವ್ಸ್’ ಮೊದಲ ಸ್ಥಾನದಲ್ಲಿತ್ತು. ೧೯೬೨ರಿಂದ ೨೦೦೨ರ ವರೆಗೆ ಐದು ಸಲ ‘ಸಿಟಿಜನ್ ಕೇನ್’ ಆ ಪೀಠದಲ್ಲಿ ಕುಳಿತಿತು. ೨೦೧೨ರಲ್ಲಿ ‘ವರ್ಟಿಗೊ’ ಅದನ್ನು ಇಳಿಸಿತು. ೨೦೨೨ರಲ್ಲಿ ಶಾಂತಾಲ್ ಅಕರ್ಮನ್ ಎಂಬಾಕೆಯ ‘ಝಾನ್ ಡೀಲ್ಮನ್’ ‘ವರ್ಟಿಗೊ’ವನ್ನು ಇಳಿಸಿತು. ಚಿತ್ರಗಳು ಬದಲಾಗಲಿಲ್ಲ, ನೋಡುವವರು ಬದಲಾದರು. ಹಾಗಾದರೆ ಗುಣವೆಂಬದು ನೋಡುವವರ ಕಣ್ಣಿನಲ್ಲಿಯೇ ಇತ್ತಲ್ಲವೆ?

ದೂರದ ಮಾತೇಕೆ? ನಮ್ಮ ‘ಸಂಸ್ಕಾರ’ವನ್ನೇ ನೋಡಿರಿ. ಯು. ಆರ್. ಅನಂತಮೂರ್ತಿಯವರ ೧೯೬೫ರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ಈ ಚಿತ್ರಕ್ಕೆ ೧೯೭೦ರಲ್ಲಿ ಮದರಾಸಿನ ಸೆನ್ಸಾರ ಮಂಡಲಿಯು ಪ್ರಮಾಣಪತ್ರವನ್ನು ನಿರಾಕರಿಸಿತು. ಬಳಿಕ ಕೇಂದ್ರ ಸರಕಾರವು ಆ ತಡೆಯನ್ನು ತೆಗೆಯಿತು. ಆಮೇಲೆ ಅದೇ ಚಿತ್ರಕ್ಕೆ ೧೯೭೦ನೆಯ ವರ್ಷದ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿಯು ಬಂದಿತು. ಕನ್ನಡಕ್ಕೆ ಆ ಮನ್ನಣೆಯು ಅದೇ ಮೊದಲು. ಒಂದು ಮಂಡಲಿಯು ಜನರು ನೋಡಲೇಬಾರದೆಂದದ್ದನ್ನು ಇನ್ನೊಂದು ಮಂಡಲಿಯು ದೇಶದಲ್ಲಿಯೇ ಶ್ರೇಷ್ಠವೆಂದಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿಯು ಬೇಕೆ?

ಪೂರ್ವಪಕ್ಷವು ಇಷ್ಟು. ಇದು ಬಲವಾದದ್ದೆಂದು ಒಪ್ಪುತ್ತೇನೆ. ಆದರೆ ಇದರಲ್ಲಿ ಬೇರೆಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದೆ. ಗಂಟನ್ನು ಬಿಚ್ಚದ ಹೊರತು ನಿರ್ಣಯವಾಗದು.

ಎಣ್ಣೆಗಾಯಿಯಿಂದಲೇ ಆರಂಭಿಸೋಣ. ನನಗೆ ಬದನೆಯು ಸೇರುವದೋ ಇಲ್ಲವೋ ಎಂಬದು ಒಂದು ಮಾತು. ಇಂದಿನ ಎಣ್ಣೆಗಾಯಿಯಲ್ಲಿ ಉಪ್ಪು ಹೆಚ್ಚಾಗಿದೆಯೋ, ತಳ ಹತ್ತಿದೆಯೋ ಎಂಬದು ಬೇರೆ ಮಾತು. ಬದನೆಯನ್ನು ಮುಟ್ಟದವನೂ ತಳ ಹತ್ತಿದ ವಾಸನೆಯನ್ನು ಅರಿಯಬಲ್ಲನು. ಬದನೆಯೆಂದರೆ ಪ್ರಾಣವೆನ್ನುವವನೂ ಉಪ್ಪು ಹೆಚ್ಚಾಯಿತೆಂದು ಒಪ್ಪಬಲ್ಲನು. ಮೊದಲನೆಯ ಮಾತಿಗೆ ವಾದವಿಲ್ಲ. ಎರಡನೆಯದಕ್ಕೆ ವಾದವೂ ಉಂಟು, ಪ್ರಮಾಣವೂ ಉಂಟು. ಊಟಕ್ಕೆ ಕುಳಿತ ಮನೆಯವರೆಲ್ಲರೂ ಈ ಭೇದವನ್ನು ನಿತ್ಯ ಮಾಡುತ್ತಾರೆ. ಚಿತ್ರಪಟದ ವಿಷಯದಲ್ಲಿ ಮಾತ್ರ ನಾವು ಅದನ್ನು ಮರೆಯುವದು ಆಶ್ಚರ್ಯವು.

ಸ್ಕಾಟ್ಲಂಡದ ತತ್ತ್ವಜ್ಞ ಡೇವಿಡ್ ಹ್ಯೂಮನು ೧೭೫೭ರಲ್ಲಿ ರುಚಿಯ ಪ್ರಮಾಣವನ್ನು ಕುರಿತು ಬರೆದ ಪ್ರಬಂಧದಲ್ಲಿ, ‘ಡಾನ್ ಕ್ವಿಕ್ಸೋಟ್’ ಕಥೆಯಿಂದ ಒಂದು ದೃಷ್ಟಾಂತವನ್ನು ಕೊಡುತ್ತಾನೆ. ಇಬ್ಬರು ಒಂದು ಪೀಪಾಯಿಯ ದ್ರಾಕ್ಷಾರಸವನ್ನು ಸವಿನೋಡಿದರು. ರಸವು ಚೆನ್ನಾಗಿದೆ, ಆದರೆ ಸ್ವಲ್ಪ ತೊಗಲಿನ ರುಚಿಯಿದೆ ಎಂದು ಒಬ್ಬನು, ಕಬ್ಬಿಣದ ರುಚಿಯಿದೆ ಎಂದು ಇನ್ನೊಬ್ಬನು ಹೇಳಿದರು. ಜನರು ಇಬ್ಬರನ್ನೂ ಗೇಲಿ ಮಾಡಿದರು. ಪೀಪಾಯಿಯನ್ನು ಬರಿದು ಮಾಡಿದಾಗ ತಳದಲ್ಲಿ ತೊಗಲಿನ ಪಟ್ಟಿಗೆ ಕಟ್ಟಿದ ಹಳೆಯ ಬೀಗದ ಕೈಯೊಂದು ದೊರೆಯಿತು. ಇಬ್ಬರ ನಾಲಗೆಯೂ ಬೇರೆ, ಇಬ್ಬರು ಹೇಳಿದ್ದೂ ಬೇರೆ. ಆದರೂ ಇಬ್ಬರೂ ನಿಜವನ್ನೇ ಹೇಳಿದ್ದರು, ಗೇಲಿ ಮಾಡಿದವರು ಮಾತ್ರ ತಪ್ಪಿದ್ದರು. ಅಭಿಪ್ರಾಯಭೇದವಿದ್ದ ಮಾತ್ರಕ್ಕೆ ವಸ್ತುವಿನಲ್ಲಿ ಏನೂ ಇಲ್ಲವೆಂದು ಹೇಳಬಾರದೆಂಬದು ಇದರ ತಾತ್ಪರ್ಯವು.

ಈಗ ‘ಸಂಸ್ಕಾರ’ದ ಸಾಕ್ಷಿಯನ್ನು ಪರೀಕ್ಷಿಸೋಣ. ಸೆನ್ಸಾರ ಮಂಡಲಿಯ ಮುಂದಿದ್ದ ಪ್ರಶ್ನೆಯು, ಈ ಚಿತ್ರವನ್ನು ತೋರಿಸಿದರೆ ಜನರಲ್ಲಿ ಕ್ಷೋಭೆಯಾದೀತೆ ಎಂಬದು. ಪ್ರಶಸ್ತಿಯ ತೀರ್ಪುಗಾರರ ಮುಂದಿದ್ದ ಪ್ರಶ್ನೆಯು, ಈ ಚಿತ್ರವು ಕೃತಿಯೆಂದು ಎಂಥದು ಎಂಬದು. ಒಂದು ಪ್ರಶ್ನೆಗೆ ಎರಡು ಉತ್ತರಗಳು ಬಂದರೆ ವಿರೋಧವು. ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳು ಬಂದರೆ ವಿರೋಧವೆಲ್ಲಿ? ಕ್ಷೋಭೆಯ ಭಯವು ಸರಿಯೋ ತಪ್ಪೋ ಅದು ಬೇರೆ. ಅದು ಕೃತಿಯ ಗುಣದೋಷದ ನಿರ್ಣಯವಲ್ಲ. ಇದರಂತೆ ‘ಬಂಗಾರದ ಮನುಷ್ಯ’ವು ೧೯೭೨ರಿಂದ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಎಲ್ಲರೂ ಎಣಿಸಿ ನೋಡಬಹುದಾದ ಸಂಗತಿಯು. ಅದು ಜನರ ಪ್ರೀತಿಯ ಅಳತೆ. ಚಿತ್ರದ ಗುಣಕ್ಕೆ ಅದು ಒಂದು ಸೂಚನೆಯಾಗಬಹುದು, ನಿರ್ಣಯವಾಗಲಾರದು.

ಪಟ್ಟಿಯ ಸಾಕ್ಷಿಯೂ ಹೀಗೆಯೆ ಸಡಿಲವಾಗುವದು. ಮೊದಲ ಸ್ಥಾನದ ಚಿತ್ರವು ಬದಲಾಯಿತೆಂಬದು ನಿಜ. ಆದರೆ ‘ಬೈಸಿಕಲ್ ಥೀವ್ಸ್’ ಕೆಟ್ಟ ಚಿತ್ರವೆಂದು ಬಲ್ಲವರಾರೂ ಅಂದಿಲ್ಲ. ನನ್ನ ಅನುಭವವನ್ನು ಹೇಳುತ್ತೇನೆ. ಒಂದೇ ಉತ್ತರಪತ್ರಿಕೆಗೆ ಇಬ್ಬರು ಪರೀಕ್ಷಕರು ಅರವತ್ತೈದು, ಎಪ್ಪತ್ತೆರಡು ಎಂದು ಬೇರೆಬೇರೆ ಅಂಕಗಳನ್ನು ಕೊಡುವದನ್ನು ಎಷ್ಟೋ ಸಲ ಕಂಡಿದ್ದೇನೆ. ಬರಿದಾದ ಹಾಳೆಗೆ ಎಪ್ಪತ್ತು ಅಂಕ ಕೊಟ್ಟವರನ್ನು ಕಂಡಿಲ್ಲ. ಎಪ್ಪತ್ತು ಎಪ್ಪತ್ತೆರಡುಗಳ ನಡುವಿನ ಸಂಶಯವನ್ನು ತೋರಿಸಿ, ಹತ್ತಕ್ಕೂ ಎಪ್ಪತ್ತಕ್ಕೂ ಭೇದವಿಲ್ಲವೆಂದು ಸಾಧಿಸಲಾಗದು.

ಇಲ್ಲಿಯ ವರೆಗೆ ನಾನು ಪರರ ತಪ್ಪನ್ನು ಹೇಳಿದೆನು. ಇನ್ನು ನನ್ನದನ್ನು ಹೇಳಬೇಕು. ಏಕೆಂದರೆ ಪ್ರಶ್ನೆಯ ಜೀವವು ಅಲ್ಲಿದೆ.

೧೯೮೦ರ ಸುಮಾರಿಗೆ, ನಾನಿನ್ನೂ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಗೆಳೆಯನೊಬ್ಬನ ಒತ್ತಾಯದಿಂದ ‘ಸಂಸ್ಕಾರ’ವನ್ನು ನೋಡಲು ಹೋದೆನು. ನಾರಣಪ್ಪನ ಹೆಣವು ಅಗ್ರಹಾರದಲ್ಲಿ ಬಿದ್ದಿದೆ. ಅದಕ್ಕೆ ಸಂಸ್ಕಾರವಾಗುವ ತನಕ ಯಾರೂ ಉಣ್ಣುವಂತಿಲ್ಲ. ಮಾಡುವವರು ಯಾರೆಂಬದೇ ನಿರ್ಣಯವಾಗದು. ಚಂದ್ರಿಯು ತನ್ನ ಮೈಮೇಲಿನ ಬಂಗಾರವನ್ನು ಬಿಚ್ಚಿ ಮುಂದಿಟ್ಟಾಗ, ಬೇಡವೆನ್ನುತ್ತಿದ್ದ ಬಾಯಿಗಳೇ ಬೇಕೆನ್ನತೊಡಗುತ್ತವೆ. ಅಷ್ಟರಲ್ಲಿ ನನ್ನ ರಕ್ತವು ಕುದಿಯಿತು. ನಾನು ಓದುತ್ತಿದ್ದ ಧರ್ಮಶಾಸ್ತ್ರವನ್ನೂ ನನ್ನ ಗುರುಗಳನ್ನೂ ನನ್ನ ಮನೆಯನ್ನೂ ಇವರು ಹಾಸ್ಯ ಮಾಡುತ್ತಿದ್ದಾರೆಂದು ಬಗೆದು ನಡುವೆಯೇ ಎದ್ದು ಬಂದೆನು. “ಅದು ಕೀಳು ಚಿತ್ರ” ಎಂದು ಮುಂದೆ ಇಪ್ಪತ್ತು ವರ್ಷ ಹೇಳಿದೆನು. ವಿದ್ಯಾರ್ಥಿಗಳಿಗೂ ಹೇಳಿದೆನು. ಅರ್ಧವನ್ನು ಮಾತ್ರ ನೋಡಿದ್ದೇನೆಂದು ಹೇಳಲಿಲ್ಲ.

ಬಳಿಕ ಒಂದು ರಾತ್ರಿ ದೂರದರ್ಶನದಲ್ಲಿ ಆ ಚಿತ್ರವು ಬಂದಾಗ ಕೊನೆಯ ತನಕ ಕುಳಿತು ನೋಡಿದೆನು. ಆಗ ಕಂಡದ್ದು ಬೇರೆಯೇ. ಗಿರೀಶ ಕಾರ್ನಾಡರು ವಹಿಸಿದ ಪ್ರಾಣೇಶಾಚಾರ್ಯರ ಪಾತ್ರವು ವಂಚಕನದಲ್ಲ, ಪ್ರಾಮಾಣಿಕ ಪಂಡಿತನದು. ಓಲೆಗರಿಗಳಲ್ಲಿ ಹುಡುಕುತ್ತಾನೆ, ಮಾರುತಿಯ ಮುಂದೆ ಕುಳಿತು ಕಾಯುತ್ತಾನೆ, ಉತ್ತರವು ಬರುವದಿಲ್ಲ. ಎದುರಿಗಿರುವ ಹೆಣಕ್ಕೆ ಗ್ರಂಥವು ಮಾರ್ಗವನ್ನು ತೋರದಿದ್ದರೆ ಬಲ್ಲವನು ಏನು ಮಾಡಬೇಕು? ಇದು ಶಾಸ್ತ್ರದ ಹಾಸ್ಯವಲ್ಲ, ಶಾಸ್ತ್ರವನ್ನು ನಂಬಿದವನ ಸಂಕಟವು. ಆ ಸಂಕಟವನ್ನು ಅರಿಯಲು ಸಭೆಯಲ್ಲಿ ಎಲ್ಲರಿಗಿಂತಲೂ ಹೆಚ್ಚು ಯೋಗ್ಯನಾಗಿದ್ದವನು ಪಾಠಶಾಲೆಯ ಆ ವಿದ್ಯಾರ್ಥಿಯೇ; ಅವನೇ ಎದ್ದು ಹೋಗಿದ್ದನು!

ಅಂದು ನನ್ನ ರುಚಿಯು ಕೆಟ್ಟದಾಗಿತ್ತೆಂದು ಹೇಳಬೇಕೆ? ಅಲ್ಲ, ನಾನು ನೋಡಿಯೇ ಇರಲಿಲ್ಲ. ಈ ತಪ್ಪಿಗೆ ಅಭಿನವಗುಪ್ತನು ಸಾವಿರ ವರ್ಷಗಳ ಹಿಂದೆಯೇ ಹೆಸರಿಟ್ಟಿದ್ದಾನೆ. ರಸಾನುಭವಕ್ಕೆ ಅಡ್ಡವಾಗುವ ಏಳು ವಿಘ್ನಗಳನ್ನು ಅವನು ಎಣಿಸುತ್ತಾನೆ. ಎದುರಿಗೆ ನಡೆಯುವದನ್ನು ಇದು ನನ್ನದೇ ಎಂದೋ, ಇದು ಇಂಥ ಪರರದೇ ಎಂದೋ ಕಟ್ಟಿಹಾಕುವದು ಅವುಗಳಲ್ಲೊಂದು. ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿ ಕುಳಿತುಕೊಳ್ಳುವದು ಇನ್ನೊಂದು. ಪರೀಕ್ಷೆಯಲ್ಲಿ ಈ ಏಳನ್ನೂ ತಪ್ಪಿಲ್ಲದೆ ಬರೆದಿದ್ದ ನಾನು ಚಿತ್ರಮಂದಿರದಲ್ಲಿ ಎರಡಕ್ಕೆ ಒಟ್ಟಿಗೆ ಸಿಕ್ಕಿಬಿದ್ದೆನು.

ಈ ವಿಘ್ನವು ದ್ವೇಷದಿಂದ ಮಾತ್ರ ಬರುವದಿಲ್ಲ, ಪ್ರೀತಿಯಿಂದಲೂ ಬರುವದು. ಹೊನ್ನಪ್ಪ ಭಾಗವತರು ಬಸವಣ್ಣನವರ ಪಾತ್ರವನ್ನು ವಹಿಸಿದ ‘ಜಗಜ್ಯೋತಿ ಬಸವೇಶ್ವರ’ವು ೧೯೫೯ರದು. ಬಾಗೇವಾಡಿಯ ಮನೆಯೊಂದರಲ್ಲಿ ಅದನ್ನು ನೋಡುವ ಅಜ್ಜಿಯು ಕೈ ಮುಗಿಯುವದು ಸಹಜವೂ ಗೌರವಾರ್ಹವೂ ಆದದ್ದು. ತನ್ನ ಊರಿನಲ್ಲಿ ಹುಟ್ಟಿದ ಮಹಾಪುರುಷರಿಗೆ ಆಕೆಯು ನಮಸ್ಕರಿಸುತ್ತಾಳೆ. ಆದರೆ ಆ ನಮಸ್ಕಾರವು ಬಸವಣ್ಣನವರಿಗೆ ಸಲ್ಲುವದು, ಚಿತ್ರದ ಸಂಕಲನಕ್ಕಲ್ಲ. ಭಕ್ತಿಯನ್ನು ವಿಮರ್ಶೆಯೆಂದು ಭಾವಿಸಿದರೆ ಎರಡಕ್ಕೂ ಹಾನಿಯು.

ಹಾಗಾದರೆ ನೋಡುವವನು ತನ್ನ ಊರು, ತನ್ನ ಮಾತು, ತನ್ನ ವಿದ್ಯೆ ಎಲ್ಲವನ್ನೂ ಬಾಗಿಲಾಚೆ ಬಿಟ್ಟು ಬರಬೇಕೆ? ಅದು ಶಕ್ಯವಲ್ಲ, ಇಷ್ಟವೂ ಅಲ್ಲ. ಇಲ್ಲಿ ಭರತಮುನಿಯ ವ್ಯವಹಾರಜ್ಞಾನವು ನೆರವಿಗೆ ಬರುವದು. ನಾಟ್ಯಶಾಸ್ತ್ರದಲ್ಲಿ ಪ್ರಯೋಗಸಿದ್ಧಿಯನ್ನು ಕುರಿತ ಅಧ್ಯಾಯವೊಂದುಂಟು. ತರುಣರು ಶೃಂಗಾರದಿಂದಲೂ, ಶೂರರು ವೀರ-ರೌದ್ರಗಳಿಂದಲೂ, ವೃದ್ಧರು ಪುರಾಣಕಥೆಗಳಿಂದಲೂ ಸಂತೋಷಪಡುವರೆಂದು ಭರತನು ಅಲ್ಲಿ ಒಪ್ಪುತ್ತಾನೆ. ಆದರ್ಶಪ್ರೇಕ್ಷಕನ ಗುಣಗಳನ್ನು ಉದ್ದವಾಗಿ ಹೇಳಿ, ಇವೆಲ್ಲವೂ ಒಬ್ಬನಲ್ಲಿ ದೊರೆಯುವದಿಲ್ಲವೆಂದೂ ಹೇಳುತ್ತಾನೆ. ಆದರೆ ‘ಆದುದರಿಂದ ತೀರ್ಪೇ ಇಲ್ಲ’ ಎನ್ನುವದಿಲ್ಲ. ‘ಆದುದರಿಂದ ಹಲವರನ್ನು ಕೂಡಿಸಿರಿ’ ಎಂಬದು ಅವನ ಮಾರ್ಗವು. ಯಜ್ಞದ ದೃಶ್ಯಕ್ಕೆ ಯಜ್ಞವನ್ನು ಬಲ್ಲವನು, ಛಂದಸ್ಸಿಗೆ ಛಂದಸ್ಸನ್ನು ಬಲ್ಲವನು, ಬಿಲ್ಲಿನ ಪ್ರಯೋಗಕ್ಕೆ ಬಿಲ್ಲುಗಾರನು, ಗಾನಕ್ಕೆ ಗಾಯಕನು, ವೇಷಭೂಷಣಗಳ ಯೋಜನೆಗೆ ಚಿತ್ರಕಾರನು ಎಂದು ಹತ್ತು ಬಗೆಯ ಪ್ರಾಶ್ನಿಕರನ್ನು ಹೇಳುತ್ತಾನೆ. ವೇಶ್ಯೆಯೂ ರಾಜಸೇವಕನೂ ಆ ಹತ್ತರಲ್ಲಿ ಸೇರಿದ್ದಾರೆ. ವಿರೋಧಿಗಳ ಕಡೆಯವರು ಕೂಗಾಡಿ, ಸಗಣಿ ಎಸೆದು ಪ್ರಯೋಗವನ್ನು ಕೆಡಿಸುವದನ್ನೂ ಅವನು ಬಲ್ಲನು; ಅದನ್ನು ನಟರ ಸ್ವಂತ ದೋಷದಿಂದ ಬೇರೆಯಾಗಿ ಎಣಿಸುತ್ತಾನೆ. ನಾಯಕನಟರ ಪಕ್ಷಗಳು ಪರಸ್ಪರ ಕೆಸರೆರಚುವ ಈ ಕಾಲದಲ್ಲಿ ಈ ವಿವೇಕವು ಹಳತಾಗಿಲ್ಲ.

ಈ ದೃಷ್ಟಿಯಿಂದ ನಮ್ಮ ಸೀಮೆಯ ಒಂದು ಸಂಗತಿಯನ್ನು ನೋಡಬಹುದು. ೧೯೯೭ರ ‘ನಾಗಮಂಡಲ’ ಚಿತ್ರದಲ್ಲಿ ನಮ್ಮ ಕಡೆಯ ಮಾತು ಕೇಳುವದು. ಹಾಡುಗಳನ್ನು ಬರೆದವರು ಗೋಪಾಲ ವಾಜಪೇಯಿಯವರು. ನಮ್ಮ ಮಾತನ್ನು ಬೆಳ್ಳಿತೆರೆಯಲ್ಲಿ ಕೇಳಿ ನಮಗಾಗುವ ಹಿಗ್ಗು ನಮ್ಮದು. ಅದನ್ನು ಚಿತ್ರದ ಲೆಕ್ಕಕ್ಕೆ ಬರೆಯಬಾರದು. ಆದರೆ ಒಂದು ಚಿತ್ರದಲ್ಲಿ ಆ ಮಾತು ಸರಿಯಾಗಿದೆಯೆ, ಇಲ್ಲವೆ ನಗೆಗಾಗಿ ಎಳೆದು ತಿರುಚಿದ ಸೋಗಿನ ಮಾತೆ ಎಂಬದನ್ನು ಮುದ್ದೇಬಿಹಾಳದ ರೈತನು ಬಲ್ಲಷ್ಟು ಬೆಂಗಳೂರಿನ ಪಂಡಿತನು ಬಲ್ಲನೆ? ಆ ಅಂಶದಲ್ಲಿ ಆ ರೈತನೇ ಪ್ರಾಶ್ನಿಕನು. ಒಂದೇ ಹುಟ್ಟು, ಒಂದೇ ನೆಲ; ಅದರಿಂದ ಪಕ್ಷಪಾತವೂ ಬರುವದು, ಪರಿಣತಿಯೂ ಬರುವದು. ಪಕ್ಷಪಾತವನ್ನು ತೂರಿ ಪರಿಣತಿಯನ್ನು ಉಳಿಸಿಕೊಳ್ಳುವದೇ ವಿಮರ್ಶೆಯು.

ಇಲ್ಲಿ ಒಂದು ಆಕ್ಷೇಪವು ಏಳುವದು. ಪ್ರಾಶ್ನಿಕರನ್ನು ಆರಿಸುವವರು ಯಾರು? ಬಲ್ಲವರೆಂದು ತಮ್ಮನ್ನು ತಾವೇ ಕರೆದುಕೊಂಡವರು ತಮ್ಮ ರುಚಿಯನ್ನೇ ಪ್ರಮಾಣವೆಂದು ಹೇರಿದರೆ? ಈ ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು, ಹಾಗೆ ನಡೆದದ್ದುಂಟು. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡುತ್ತಿದ್ದ ತ್ರಿಪದಿಗಳನ್ನು ಪಂಡಿತರು ಬಹುಕಾಲ ಕಾವ್ಯವೆಂದೇ ಗಣಿಸಲಿಲ್ಲ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಗೆಳೆಯರು ಕೂಡಿ ಜನಪದದ ಹಾಡುಗಳನ್ನು ಸಂಗ್ರಹಿಸಿದರು. ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಅಲ್ಲಿಂದ ಮುಂದೆ ವಿದ್ವಾಂಸರ ಮತವು ತಿರುಗಿತು. ಇದನ್ನು ಪೂರ್ವಪಕ್ಷಿಯು ತನ್ನ ಸಾಕ್ಷಿಯೆಂದಾನು: ನೋಡಿರಿ, ರುಚಿಯು ಬದಲಾಯಿತು! ನಾನು ಇದನ್ನು ನನ್ನ ಸಾಕ್ಷಿಯೆಂದು ಹೇಳುತ್ತೇನೆ. ಎಲ್ಲವೂ ರುಚಿಯೇ ಆಗಿದ್ದರೆ ಹಳೆಯ ಪಂಡಿತರು ತಪ್ಪಿದರೆಂದು ಹೇಳಲು ನಮಗೆ ಅಧಿಕಾರವೆಲ್ಲಿ? ಅವರಿಗೆ ಸೇರಲಿಲ್ಲ, ನಮಗೆ ಸೇರಿತು ಎಂದಷ್ಟೇ ಹೇಳಬೇಕಾಗುವದು. ಆದರೆ ನಮ್ಮ ತಾಯಂದಿರಿಗೆ ಅನ್ಯಾಯವಾಗಿತ್ತು, ಅದು ಸರಿಹೋಯಿತು ಎಂದು ನಾವೆಲ್ಲರೂ ಭಾವಿಸುತ್ತೇವೆ. ತಪ್ಪು ಎಂಬದು ಇರಬೇಕಾದರೆ ಸರಿ ಎಂಬದೂ ಇರಲೇಬೇಕು. ತೀರ್ಪುಗಳು ತಿದ್ದಲ್ಪಡುವದು ಪ್ರಮಾಣವಿಲ್ಲವೆಂಬದರ ಗುರುತಲ್ಲ. ಪ್ರಮಾಣವಿದೆ, ಅದು ಯಾರ ಕೈವಶವೂ ಅಲ್ಲವೆಂಬದರ ಗುರುತು.

ಆದುದರಿಂದ ಸಿದ್ಧಾಂತವನ್ನು ಹೀಗೆ ಹೇಳಬಹುದು. ಚಿತ್ರಪಟದ ವಿಮರ್ಶೆಯು ಜ್ವರವನ್ನು ಅಳೆಯುವ ಕೊಳವೆಯಂತೆ ವ್ಯಕ್ತಿರಹಿತವಾಗಲಾರದು, ಅನುಭವಿಸುವವನಿಲ್ಲದೆ ರಸವಿಲ್ಲ. ಆದರೆ ಅದು ವ್ಯಕ್ತಿಯಲ್ಲಿ ಹುಟ್ಟಿ ವ್ಯಕ್ತಿಯನ್ನು ದಾಟಬಲ್ಲದು. ಆಲಂಕಾರಿಕರು ಸಾಧಾರಣೀಕರಣವೆಂದು ಕರೆದದ್ದು ಇದರ ಬುಡದಲ್ಲಿದೆ: ನನ್ನದೆನ್ನುವ ಗಂಟು ಸಡಿಲವಾಗಿ ಎಲ್ಲರದೂ ಆಗುವದು. ದಾಟಿತೆಂಬದಕ್ಕೆ ಗುರುತೇನು? ವಿಮರ್ಶಕನು ಕೊಡುವ ಕಾರಣವು. “ನನಗೆ ಹಿಡಿಸಿತು” ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು. “ಬಂಗಾರವು ಬಂದ ಕೂಡಲೇ ಆ ಮುಖಗಳು ಹೇಗೆ ಬದಲಾದವು ನೋಡಿರಿ” ಎಂಬ ಮಾತನ್ನು ಯಾರೂ ಮರಳಿ ಹೋಗಿ ಪರೀಕ್ಷಿಸಬಹುದು. ಅಲ್ಲಿ ಇಲ್ಲದಿದ್ದರೆ ವಿಮರ್ಶಕನು ಸೋಲಬೇಕು. ಸೋಲಲು ಸಿದ್ಧನಾದವನ ಮಾತೇ ವಿಮರ್ಶೆಯು. ಸೋಲಲು ಎಡೆಯಿಲ್ಲದ ಮಾತು ರುಚಿಯು.

ಇಷ್ಟಾದರೂ ಶೇಷವಾಗಿ ಉಳಿಯುವದೊಂದುಂಟು. ಗುಣವಂತವಾದ ಎರಡು ಚಿತ್ರಗಳಲ್ಲಿ ಯಾವುದು ಮನಸ್ಸಿಗೆ ಹತ್ತಿರವೆಂಬದನ್ನು ವಯಸ್ಸು, ಸ್ವಭಾವ, ಬಾಳಿದ ಬಾಳು ನಿರ್ಣಯಿಸುವವು. ಹ್ಯೂಮನೂ ಇದನ್ನು ಒಪ್ಪಿದ್ದಾನೆ. ಗಿರೀಶ ಕಾಸರವಳ್ಳಿಯವರ ನಾಲ್ಕು ಚಿತ್ರಗಳಿಗೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯು ಬಂದಿದೆ: ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನು ನನಗೆ ಉಳಿದವರಿಗಿಂತ ಹತ್ತಿರ. ನಿವೃತ್ತ ಮಾಸ್ತರನಿಗೆ ಅದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ನಾನು ತೀರ್ಪೆಂದು ಹೇಳುವದಿಲ್ಲ. ಈ ಶೇಷದ ಮಟ್ಟಿಗೆ ಸಿಂದಗಿಯ ತರುಣ ಮಿತ್ರರಿಗೇ ಜಯವಿರಲಿ.

ಉಳಿದುದರಲ್ಲಿ ಅವರಲ್ಲಿ ನನ್ನದೊಂದು ವಿನಂತಿ. ಅವರೂ ಶಿಕ್ಷಕರು. ಸಾಲೆಯ ಹುಡುಗನೊಬ್ಬನು ಒಂದು ಚಿತ್ರವನ್ನು ಕೀಳೆಂದರೆ, “ಅದು ನಿನ್ನ ರುಚಿ” ಎಂದು ಅವನ ಬಾಯಿ ಮುಚ್ಚಿಸದಿರಲಿ. “ಕೊನೆಯ ತನಕ ನೋಡಿದೆಯಾ?” ಎಂದು ಮೊದಲು ಕೇಳಲಿ, “ಎಲ್ಲಿ, ತೋರಿಸು” ಎಂದು ಆಮೇಲೆ ಕೇಳಲಿ. ನನ್ನನ್ನು ಆ ಕಾಲಕ್ಕೆ ಯಾರಾದರೂ ಹೀಗೆ ಕೇಳಿದ್ದರೆ ಇಪ್ಪತ್ತು ವರ್ಷಗಳ ಸುಳ್ಳೊಂದು ಉಳಿಯುತ್ತಿತ್ತು.